ಬೆತ್ತದ ಪರ ಸಾಕ್ಷಿ ಹೇಳದ ವಿಜ್ಞಾನ

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1938ರಲ್ಲಿ ಪ್ರಕಟಿಸಿದ ‘ದಿ ಬಿಹೇವಿಯರ್ ಆಫ್ ಆರ್ಗನಿಸಮ್ಸ್’ ಪುಸ್ತಕದಲ್ಲಿ ಒಂದು ಪುಟ್ಟ ಪ್ರಯೋಗದ ವರದಿ ಇದೆ. ಸನ್ನೆಕೋಲು ಒತ್ತಿದರೆ ಆಹಾರದ ಗುಳಿಗೆ ಬೀಳುತ್ತದೆ ಎಂದು ಚೆನ್ನಾಗಿ ಕಲಿತಿದ್ದ ಇಲಿಗಳನ್ನು ಅವರು ಎರಡು ಗುಂಪು ಮಾಡಿ, ಎರಡಕ್ಕೂ ಗುಳಿಗೆ ನಿಲ್ಲಿಸಿದರು. ಒಂದು ಗುಂಪನ್ನು ಅದರ ಪಾಡಿಗೆ ಬಿಟ್ಟರು. ಇನ್ನೊಂದು ಗುಂಪಿನ ಇಲಿಗಳಿಗೆ ಮೊದಲ ಕೆಲವು ನಿಮಿಷಗಳಲ್ಲಿ, ಒತ್ತಿದಾಗಲೆಲ್ಲ ಸನ್ನೆಕೋಲೇ ಹಿಂದಕ್ಕೆ ಚಿಮ್ಮಿ ಮುಂಗಾಲಿಗೆ ಏಟು ಬೀಳುವ ವ್ಯವಸ್ಥೆ ಮಾಡಿದರು. ಏಟು ತಿಂದ ಇಲಿಗಳು ಕೂಡಲೇ ತೆಪ್ಪಗಾದವು. ನೋಡಿದವರು ಪಾಠ ಕಲಿತವು ಎಂದುಕೊಳ್ಳಬೇಕು, ಹಾಗೆ. ಆದರೆ ಏಟು ನಿಂತ ಮೇಲೆ ಅವು ಮೆಲ್ಲಗೆ ಮತ್ತೆ ಒತ್ತತೊಡಗಿದವು. ಎರಡನೆಯ ದಿನ ಮುಗಿಯುವ ಹೊತ್ತಿಗೆ ಎರಡೂ ಗುಂಪುಗಳು ಒಟ್ಟು ಎಷ್ಟು ಸಲ ಒತ್ತಿದ್ದವು ಎಂಬ ಲೆಕ್ಕ ಹೆಚ್ಚುಕಡಿಮೆ ಸಮವಾಗಿತ್ತು. ಏಟು ಆ ಅಭ್ಯಾಸವನ್ನು ಒಂದಿಷ್ಟು ಹೊತ್ತು ಮುಂದೂಡಿತ್ತು, ಅಷ್ಟೆ.

ವರ್ತನಾವಾದದ ಹೆಸರು ಕೇಳಿದವರಲ್ಲಿ ಬಹಳಷ್ಟು ಜನ ಅದನ್ನು ಆಸೆ ತೋರಿಸಿ, ಹೆದರಿಸಿ ಪಳಗಿಸುವ ಶಾಸ್ತ್ರ ಎಂದುಕೊಂಡಿದ್ದಾರೆ. ಬಿ.ಇಡ್. ಪರೀಕ್ಷೆಗೆ ಓದಿದವರಿಗೆ ಪಾವ್ಲೋವ್‌ನ ನಾಯಿ, ಥಾರ್ನ್‌ಡೈಕ್‌ನ ಬೆಕ್ಕು, ಸ್ಕಿನ್ನರ್‌ನ ಇಲಿ ನೆನಪಿರುತ್ತವೆ. ಆ ಪ್ರಾಣಿಗಳಿಂದ ತಿಳಿದುಬಂದದ್ದೇನು ಎಂಬುದು ಮಾತ್ರ ಪರೀಕ್ಷೆ ಮುಗಿದ ಸಂಜೆಗೇ ಮರೆತುಹೋಗಿರುತ್ತದೆ. ಹೀಗಾಗಿ ‘ದಂಡಂ ದಶಗುಣಂ’ ಎನ್ನುವವರು, ‘ಎರಡು ಬಿಗಿದರೆ ತಾನೇ ಸರಿಹೋಗ್ತಾನೆ’ ಎನ್ನುವವರು ತಮ್ಮ ಬೆನ್ನಿಗೆ ವಿಜ್ಞಾನವೂ ಇದೆ ಎಂದು ನಂಬಿರುತ್ತಾರೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಶಿಕ್ಷೆಯಿಂದ ನಡತೆ ತಿದ್ದಬಹುದು ಎಂಬ ನಂಬಿಕೆಗೆ ಇಪ್ಪತ್ತನೆಯ ಶತಮಾನದಲ್ಲಿ ಅತಿ ದೊಡ್ಡ ಪೆಟ್ಟು ಕೊಟ್ಟದ್ದು ಮಾನವೀಯತೆಯ ಉಪದೇಶಗಳಲ್ಲ. ಮನಸ್ಸು, ಕರುಣೆ, ಅಂತಃಕರಣ ಎಂಬ ಮಾತುಗಳನ್ನೇ ಪಕ್ಕಕ್ಕಿಟ್ಟ ಈ ಒಣ ಪಂಥದ ಪ್ರಯೋಗಾಲಯಗಳು. ಅದನ್ನು ಕಾಣಬೇಕಾದರೆ ಈ ಪಂಥದ ಮೂಲ ತತ್ತ್ವಗಳನ್ನೇ ಒಂದೊಂದಾಗಿ ಎತ್ತಿಕೊಳ್ಳಬೇಕು.

ಮೊದಲನೆಯದು ರಷ್ಯಾದ್ದು. ಇವಾನ್ ಪಾವ್ಲೋವ್ ಮನಶ್ಶಾಸ್ತ್ರಜ್ಞರಲ್ಲ, ಶರೀರಶಾಸ್ತ್ರಜ್ಞ. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ. ಸೇಂಟ್ ಪೀಟರ್ಸ್‌ಬರ್ಗ್‌ನ ಅವರ ಪ್ರಯೋಗಾಲಯದಲ್ಲಿ ನಾಯಿಗಳು ಆಹಾರ ಬಾಯಿಗೆ ಬೀಳುವ ಮುನ್ನವೇ, ತರುವವನ ಹೆಜ್ಜೆ ಸಪ್ಪಳಕ್ಕೇ ಜೊಲ್ಲು ಸುರಿಸುತ್ತಿದ್ದವು. ಬೇರೆಯವರಾಗಿದ್ದರೆ ಇದನ್ನು ಪ್ರಯೋಗ ಕೆಡಿಸುವ ಕಿರಿಕಿರಿ ಎಂದು ತಳ್ಳಿಹಾಕುತ್ತಿದ್ದರೇನೋ. ಪಾವ್ಲೋವ್ ಅದನ್ನೇ ಹಿಡಿದು ಕೂತರು. ಮೆಟ್ರೊನೋಮಿನ ಟಿಕ್‌ಟಿಕ್ ಸದ್ದಿನ ಬೆನ್ನಿಗೇ ಆಹಾರ ಕೊಡುತ್ತ ಹೋದರೆ ಕೆಲವೇ ದಿನಗಳಲ್ಲಿ ಬರೀ ಸದ್ದಿಗೇ ಜೊಲ್ಲು ಬರುತ್ತದೆ. ಇದು ಅಭಿಜಾತ ಅನುಬಂಧನ. ಸದ್ದಾದ ಮೇಲೆ ಆಹಾರ ಕೊಡುವುದನ್ನು ನಿಲ್ಲಿಸಿದರೆ ಪ್ರತಿಕ್ರಿಯೆ ಕ್ರಮೇಣ ನಂದುತ್ತದೆ. ಆದರೆ ನಾಯಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಮತ್ತೆ ಸದ್ದು ಮಾಡಿದರೆ ನಂದಿದ್ದು ಮರುಕಳಿಸುತ್ತದೆ. ಕಲಿತದ್ದು ಅಳಿಸುವುದು ಕಷ್ಟ, ಅಡಗಿಸುವುದು ಸುಲಭ ಎಂಬ ಸುಳಿವು ಇಲ್ಲಿಯೇ ಸಿಕ್ಕಿತ್ತು.

1913ರಲ್ಲಿ ಜಾನ್ ಬಿ. ವಾಟ್ಸನ್ ‘ಸೈಕಲಾಜಿಕಲ್ ರಿವ್ಯೂ’ ಪತ್ರಿಕೆಯ ಲೇಖನವೊಂದರಲ್ಲಿ ವರ್ತನಾವಾದದ ಬಾವುಟ ಹಾರಿಸಿದರು. ಮನಸ್ಸಿನೊಳಗೆ ಇಣುಕಿ ನೋಡಿಕೊಂಡು ವರದಿ ಮಾಡುವ ಪದ್ಧತಿ ಸಾಕು, ಎಲ್ಲರಿಗೂ ಕಾಣುವ, ಅಳೆಯಬಹುದಾದ ವರ್ತನೆಯನ್ನೇ ಅಧ್ಯಯನ ಮಾಡೋಣ ಎಂಬುದು ಅದರ ತಿರುಳು. ವಿಧಾನವಾಗಿ ಇದು ಒಳ್ಳೆಯ ಶಿಸ್ತು. ಆದರೆ ವಾಟ್ಸನ್‌ರ ಹೆಸರಿಗೆ ಅಂಟಿಕೊಂಡಿರುವುದು 1920ರ ಪ್ರಯೋಗ. ‘ಪುಟ್ಟ ಆಲ್ಬರ್ಟ್’ ಎಂದು ಕರೆದ ಹನ್ನೊಂದು ತಿಂಗಳ ಕೂಸಿನ ಮುಂದೆ ಬಿಳಿ ಇಲಿಯನ್ನು ಬಿಟ್ಟು, ಕೂಸು ಅದನ್ನು ಮುಟ್ಟಲು ಹೋದಾಗ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಕೆಲವೇ ಸಲಕ್ಕೆ ಮಗು ಇಲಿಯನ್ನು ಕಂಡೊಡನೆ ಅಳತೊಡಗಿತು. ಆಮೇಲೆ ಮೊಲ, ನಾಯಿ, ತುಪ್ಪಳದ ಕೋಟು ಕಂಡರೂ ಬೆದರಿತು. ಒಂದೇ ಮಗುವಿನ ಮೇಲೆ, ಸಡಿಲ ಅಳತೆಗಳಿಂದ ಮಾಡಿದ ಈ ಕ್ರೂರ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡುವುದಿಲ್ಲ. ಆ ಭಯವನ್ನು ತೆಗೆಯುವ ಮೊದಲೇ ತಾಯಿ ಮಗುವನ್ನು ಕರೆದುಕೊಂಡು ಹೋದಳು. ನಾಲ್ಕು ವರ್ಷಗಳ ನಂತರ ಮೇರಿ ಕವರ್ ಜೋನ್ಸ್ ಇದರ ಮರುಮುಖ ತೋರಿಸಿದರು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗನಿಗೆ ಇಷ್ಟದ ತಿನಿಸು ಕೊಡುತ್ತ, ಮೊಲವನ್ನು ದಿನದಿನಕ್ಕೂ ಒಂದಿಷ್ಟು ಹತ್ತಿರ ತಂದರು. ಕೊನೆಗೆ ಹುಡುಗ ಅದನ್ನು ಮುಟ್ಟಿ ಆಡಿದ. ಇಂದು ಭಯರೋಗಗಳಿಗೆ ಕೊಡುವ ವರ್ತನಾ ಚಿಕಿತ್ಸೆಯ ಬೇರು ಇದು. ವಾಟ್ಸನ್‌ಗಿಂತ ಜೋನ್ಸ್ ಹೆಚ್ಚು ನೆನಪಿರಬೇಕಿತ್ತು ಎಂದು ನನಗನ್ನಿಸುತ್ತದೆ.

ಈ ಅನುಬಂಧನವನ್ನು ತರಗತಿಗೆ ತಂದು ನೋಡಿ. ಲೆಕ್ಕ ತಪ್ಪಿದ ಹುಡುಗನಿಗೆ ಏಟು ಬಿದ್ದಾಗ ಮೇಷ್ಟ್ರ ಉದ್ದೇಶ ತಪ್ಪನ್ನು ದಂಡಿಸುವುದು. ಆದರೆ ಏಟಿನ ಜೊತೆಯಲ್ಲಿ ಆ ಹೊತ್ತಿಗೆ ಇರುವುದು ಬರೀ ತಪ್ಪಲ್ಲ. ಕಪ್ಪು ಹಲಗೆ, ಗಣಿತದ ಪುಸ್ತಕ, ಮೇಷ್ಟ್ರ ದನಿ, ಆ ಕೋಣೆ ಎಲ್ಲವೂ ಇರುತ್ತವೆ. ಅನುಬಂಧನಕ್ಕೆ ಮೇಷ್ಟ್ರ ಉದ್ದೇಶ ಗೊತ್ತಿಲ್ಲ. ಭಯ ಎಲ್ಲದಕ್ಕೂ ಹರಡುತ್ತದೆ.

ಎರಡನೆಯ ತತ್ತ್ವ ಪರಿಣಾಮಕ್ಕೆ ಸಂಬಂಧಿಸಿದ್ದು. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕುಗಳನ್ನು ಒಗಟಿನ ಪೆಟ್ಟಿಗೆಗಳಲ್ಲಿ ಕೂಡಿಟ್ಟರು. ಪರಚಿ, ಕಚ್ಚಿ, ನುಸುಳಲು ನೋಡಿ ಸಾಕಾಗುವ ಹೊತ್ತಿಗೆ ಅಕಸ್ಮಾತ್ತಾಗಿ ಚಿಲಕ ತೆರೆಯುತ್ತಿತ್ತು. ಸಲಸಲಕ್ಕೂ ಹೊರಬರುವ ಸಮಯ ಇಳಿಯುತ್ತ ಹೋಯಿತು. ಹಿತವಾದ ಫಲ ಕೊಟ್ಟ ವರ್ತನೆ ಬಲಗೊಳ್ಳುತ್ತದೆ, ಅಹಿತ ಫಲ ಕೊಟ್ಟದ್ದು ದುರ್ಬಲವಾಗುತ್ತದೆ ಎಂಬ ‘ಪರಿಣಾಮ ನಿಯಮ’ವನ್ನು ಅವರು ಇದರಿಂದ ರೂಪಿಸಿದರು. ನಮ್ಮ ಪಠ್ಯಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಕತೆ ಮುಂದಿದೆ. ಮನುಷ್ಯರ ಮೇಲೆ ಪದಕಲಿಕೆಯ ಪ್ರಯೋಗಗಳನ್ನು ಮಾಡಿ, ‘ಸರಿ’ ಎಂಬ ಮಾತು ಸರಿಯುತ್ತರವನ್ನು ಗಟ್ಟಿ ಮಾಡುವಷ್ಟು ‘ತಪ್ಪು’ ಎಂಬ ಮಾತು ತಪ್ಪುತ್ತರವನ್ನು ಸಡಿಲಿಸುವುದಿಲ್ಲ ಎಂದು ಕಂಡುಕೊಂಡ ಥಾರ್ನ್‌ಡೈಕ್, 1930ರ ದಶಕದ ಆರಂಭದಲ್ಲಿ ತಮ್ಮದೇ ನಿಯಮದ ಎರಡನೆಯ ಅರ್ಧವನ್ನು ಬಹುಮಟ್ಟಿಗೆ ಕೈಬಿಟ್ಟರು. ತನ್ನ ಹೆಸರಿನ ನಿಯಮವನ್ನು ತಾನೇ ಅರ್ಧಕ್ಕೆ ಕತ್ತರಿಸುವ ವಿಜ್ಞಾನಿಗಳು ಹೆಚ್ಚಿಲ್ಲ.

ಸ್ಕಿನ್ನರ್ ಈ ನಿಯಮವನ್ನು ಇನ್ನಷ್ಟು ನಿಖರಗೊಳಿಸಿದರು. ಒಂದು ವರ್ತನೆಯ ಬೆನ್ನಿಗೆ ಬಂದು ಅದನ್ನು ಹೆಚ್ಚಿಸುವ ಯಾವುದೇ ಫಲ ಪುನರ್ಬಲನ. ಏನಾದರೂ ಸಿಗುವುದರಿಂದ ಹೆಚ್ಚಿದರೆ ಧನಾತ್ಮಕ, ಕಾಡುತ್ತಿದ್ದುದು ತೊಲಗುವುದರಿಂದ ಹೆಚ್ಚಿದರೆ ಋಣಾತ್ಮಕ. ಹೀಗಾಗಿ ಋಣಾತ್ಮಕ ಪುನರ್ಬಲನ ಶಿಕ್ಷೆಯಲ್ಲ. ತಲೆನೋವು ಹೋಯಿತೆಂದು ಮತ್ತೆ ಅದೇ ಮಾತ್ರೆಯ ಮೊರೆ ಹೋಗುವುದು ಅದರ ಉದಾಹರಣೆ. ಚಾರ್ಲ್ಸ್ ಫರ್ಸ್ಟರ್ ಜೊತೆ 1957ರಲ್ಲಿ ಪ್ರಕಟಿಸಿದ ದಪ್ಪ ಗ್ರಂಥದಲ್ಲಿ ಅವರು ತೋರಿಸಿದ್ದು ಇನ್ನೂ ಮುಖ್ಯವಾದ ಸಂಗತಿ: ಫಲ ಎಷ್ಟು ಎಂಬುದಕ್ಕಿಂತ ಯಾವ ಕ್ರಮದಲ್ಲಿ ಬರುತ್ತದೆ ಎಂಬುದು ವರ್ತನೆಯ ಸ್ವರೂಪವನ್ನು ನಿರ್ಧರಿಸುತ್ತದೆ. ಪ್ರತಿ ಸಲವೂ ಕಾಳು ಸಿಗುತ್ತಿದ್ದ ಪಾರಿವಾಳಕ್ಕೆ ಕಾಳು ನಿಂತರೆ ಅದು ಬೇಗ ಸುಮ್ಮನಾಗುತ್ತದೆ. ಯಾವಾಗ ಸಿಗುತ್ತದೆಂದು ಹೇಳಲಾಗದಂತೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದರೆ, ನಿಂತ ಮೇಲೂ ಸಾವಿರಾರು ಸಲ ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರದ ಮುಂದೆ ಕೂತವರು ಏಳದಿರುವುದು ಇದೇ ಕಾರಣಕ್ಕೆ. ಹತ್ತು ಸಲ ರಚ್ಚೆ ಹಿಡಿದಾಗ ಗಟ್ಟಿಯಾಗಿದ್ದು, ಹನ್ನೊಂದನೆಯ ಸಲ ಸಾಕಾಗಿ ಮೊಬೈಲ್ ಕೊಟ್ಟುಬಿಡುವ ತಾಯ್ತಂದೆಯರು ತಮಗರಿವಿಲ್ಲದೆ ಮಗುವಿಗೆ ಕಲಿಸುವುದು ಇನ್ನೂ ಜೋರಾಗಿ, ಇನ್ನೂ ಹೆಚ್ಚು ಹೊತ್ತು ಅಳುವುದನ್ನು.

ಈಗ ಶಿಕ್ಷೆಗೆ ಬರೋಣ, ಮತ್ತು ಎದುರುವಾದಕ್ಕೂ. ಶಿಕ್ಷೆ ಕೆಲಸ ಮಾಡುವುದೇ ಇಲ್ಲ ಎಂದರೆ ಅದು ಸುಳ್ಳು. ಬಿಸಿ ಬಾಣಲೆ ಮುಟ್ಟಿದ ಮಗು ಮತ್ತೆ ಮುಟ್ಟುವುದಿಲ್ಲ. ಸ್ಕಿನ್ನರ್ ಬಳಸಿದ ಏಟು ತೀರಾ ಹಗುರವಾಗಿತ್ತು, ಹಾಗಾಗಿ ಅವರ ತೀರ್ಮಾನ ಅವಸರದ್ದು ಎಂಬ ಟೀಕೆಯಲ್ಲಿ ಹುರುಳಿದೆ. 1966ರಲ್ಲಿ ನೇಥನ್ ಅಜ್ರಿನ್ ಮತ್ತು ವಿಲಿಯಂ ಹೋಲ್ಜ್ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒರೆಗೆ ಹಚ್ಚಿ, ಶಿಕ್ಷೆಯಿಂದ ವರ್ತನೆಯನ್ನು ಪೂರ್ತಿಯಾಗಿ ಅಡಗಿಸಲು ಸಾಧ್ಯ ಎಂದೇ ಬರೆದರು. ಆದರೆ ಅದಕ್ಕೆ ಬೇಕಾದ ಷರತ್ತುಗಳನ್ನೂ ಬರೆದರು. ಶಿಕ್ಷೆ ವರ್ತನೆಯ ಬೆನ್ನಿಗೇ ಬೀಳಬೇಕು. ಪ್ರತಿ ಸಲವೂ ಬೀಳಬೇಕು. ಮೊದಲ ಸಲವೇ ತೀವ್ರವಾಗಿರಬೇಕು. ಹಗುರವಾಗಿ ಆರಂಭಿಸಿ ಏರಿಸುತ್ತ ಹೋದರೆ ಪ್ರಾಣಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ತಪ್ಪಿಸಿಕೊಳ್ಳಲು ದಾರಿ ಇರಬಾರದು. ಅದೇ ಫಲ ಪಡೆಯಲು ಬೇರೊಂದು ಒಪ್ಪಿತ ಮಾರ್ಗವೂ ತೆರೆದಿರಬೇಕು. ಬಿಸಿ ಬಾಣಲೆ ಈ ಷರತ್ತುಗಳನ್ನು ಪೂರೈಸುತ್ತದೆ, ಅದಕ್ಕೆ ರಜೆಯಿಲ್ಲ, ದಾಕ್ಷಿಣ್ಯವಿಲ್ಲ. ಮನುಷ್ಯರು ನಡೆಸುವ ಯಾವ ಶಾಲೆ, ಯಾವ ಠಾಣೆ, ಯಾವ ಮನೆ ಇವನ್ನು ಪೂರೈಸೀತು? ಪೂರೈಸುವಷ್ಟು ತೀವ್ರತೆಯನ್ನು ಮಗುವಿನ ಮೇಲೆ ಪ್ರಯೋಗಿಸಿದರೆ ಅದನ್ನು ಶಿಸ್ತು ಎನ್ನಲು ಯಾರಿಗೆ ಮನಸ್ಸು ಬಂದೀತು? ಶಿಕ್ಷೆಯ ಪರವಾದ ಅತ್ಯುತ್ತಮ ಸಾಕ್ಷ್ಯವೇ ನಮ್ಮ ನಿತ್ಯದ ಶಿಕ್ಷೆಗಳ ವಿರುದ್ಧ ನಿಲ್ಲುತ್ತದೆ.

ಸಂಚಾರ ದಂಡವನ್ನೇ ನೋಡಿ. ಸಿಗ್ನಲ್ ಹಾರಿದವನಿಗೆ ಫಲ ತಕ್ಷಣ ಸಿಗುತ್ತದೆ, ಎರಡು ನಿಮಿಷ ಉಳಿಯುತ್ತದೆ. ದಂಡದ ಸಂದೇಶ ಆಮೇಲೆ ಯಾವಾಗಲೋ, ಅದೂ ಕ್ಯಾಮೆರಾ ಕಂಡರೆ ಬರುತ್ತದೆ. ಇದರ ಮೇಲೆ, ಬಾಕಿ ಉಳಿದ ದಂಡಕ್ಕೆ ಕರ್ನಾಟಕ ಸರ್ಕಾರ 2023ರ ಫೆಬ್ರುವರಿಯಲ್ಲಿ ಶೇ 50ರ ರಿಯಾಯಿತಿ ಘೋಷಿಸಿತು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. 2025ರ ಆಗಸ್ಟ್‌ನಲ್ಲಿ ಅದೇ ರಿಯಾಯಿತಿ ಮತ್ತೆ ಬಂತು. ಖಜಾನೆಯ ದೃಷ್ಟಿಯಿಂದ ಜಾಣ ಕ್ರಮವೇ ಇರಬಹುದು. ವರ್ತನಾವಾದಿಯ ದೃಷ್ಟಿಯಿಂದ ಅಲ್ಲಿ ಬಹುಮಾನ ಸಿಕ್ಕಿದ್ದು ದಂಡ ಕಟ್ಟದೆ ಕಾದು ಕೂತವರಿಗೆ. ಕೂಡಲೇ ಪೂರ್ತಿ ಕಟ್ಟಿದವರು ಪೆದ್ದರಾದರು. ದಂಡ ಇನ್ನೂ ವಿಚಿತ್ರವಾಗಿ ತಿರುಗಿಬೀಳುವುದೂ ಉಂಟು. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಅವುಗಳ ಪೈಕಿ ಆರರಲ್ಲಿ ಸಣ್ಣ ದಂಡ ಹಾಕಿದರು. ತಡಮಾಡುವವರ ಸಂಖ್ಯೆ ಇಳಿಯಲಿಲ್ಲ, ಸುಮಾರು ಇಮ್ಮಡಿಯಾಯಿತು. ಮೊದಲು ಟೀಚರಮ್ಮನಿಗೆ ತೊಂದರೆ ಕೊಡುತ್ತಿದ್ದೇವೆಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಅದು ಕೊಂಡುಕೊಳ್ಳಬಹುದಾದ ಸೌಲಭ್ಯವಾಯಿತು. ದಂಡ ರದ್ದಾದ ಮೇಲೂ ಹಳೆಯ ಸಂಕೋಚ ಮರಳಿ ಬರಲಿಲ್ಲ.

ಇಷ್ಟು ದುರ್ಬಲವಾದ ಉಪಾಯವನ್ನು ಮನುಷ್ಯರು ಏಕೆ ಬಿಡುವುದಿಲ್ಲ? ನನಗೆ ವರ್ತನಾವಾದದ ಅತ್ಯಂತ ಹರಿತವಾದ ಉತ್ತರ ಕಾಣುವುದು ಇಲ್ಲಿ. ಗಲಾಟೆಯ ತರಗತಿಯಲ್ಲಿ ಮೇಷ್ಟ್ರು ಗದರಿ ಬೆತ್ತ ಎತ್ತಿದೊಡನೆ ಸದ್ದಡಗುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಶುರುವಾಗುತ್ತದೆ ಎನ್ನುವುದು ಬೇರೆ ಮಾತು. ಆ ಕ್ಷಣದ ನಿಶ್ಶಬ್ದ ಮೇಷ್ಟ್ರಿಗೆ ಸಿಕ್ಕ ಫಲ, ಅಪ್ಪಟ ಋಣಾತ್ಮಕ ಪುನರ್ಬಲನ. ಏಟಿನಿಂದ ಗಟ್ಟಿಯಾಗಿ ಅನುಬಂಧನಗೊಳ್ಳುವುದು ಹೊಡೆಸಿಕೊಂಡವನ ನಡತೆಯಲ್ಲ, ಹೊಡೆದವನದು. ‘ನಾವು ಪೆಟ್ಟು ತಿಂದೇ ಉದ್ಧಾರವಾದದ್ದು’ ಎಂಬ ಮಾತು ಪೀಳಿಗೆಯಿಂದ ಪೀಳಿಗೆಗೆ ಹರಿದುಬರಲು ಸಾಕ್ಷ್ಯ ಬೇಕಿಲ್ಲ, ಆ ಕ್ಷಣದ ನಿಶ್ಶಬ್ದ ಸಾಕು. ಬೈಗುಳವೂ ಇದಕ್ಕೆ ಹೊರತಲ್ಲ. 1968ರಲ್ಲಿ ಚಾರ್ಲ್ಸ್ ಮ್ಯಾಡ್ಸನ್, ವೆಸ್ಲಿ ಬೆಕರ್ ಮತ್ತು ಸಂಗಡಿಗರು ಅಮೆರಿಕದ ಒಂದನೆಯ ತರಗತಿಯೊಂದರಲ್ಲಿ, ಶಿಕ್ಷಕರು ‘ಕೂತ್ಕೋ’ ಎಂದು ಎಷ್ಟು ಹೆಚ್ಚು ಸಲ ಹೇಳುತ್ತಾರೋ ಮಕ್ಕಳು ಅಷ್ಟೇ ಹೆಚ್ಚು ಎದ್ದು ನಿಲ್ಲುತ್ತಾರೆ ಎಂದು ತೋರಿಸಿದರು. ಎದ್ದವರಿಗೆ ಶಿಕ್ಷಕರ ಗಮನ ಸಿಗುತ್ತಿತ್ತು. ಕೂತು ಕೆಲಸ ಮಾಡುತ್ತಿದ್ದ ಮಕ್ಕಳನ್ನು ಮೆಚ್ಚಿ ಮಾತನಾಡಿಸಿದಾಗ ಎದ್ದು ಓಡಾಡುವುದು ಕಡಿಮೆಯಾಯಿತು.

ಇನ್ನು ಅಡ್ಡಪರಿಣಾಮಗಳು. ರಿಚರ್ಡ್ ಸಾಲೊಮನ್ ಮತ್ತು ಸಹೋದ್ಯೋಗಿಗಳು 1953ರಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ, ವಿದ್ಯುತ್ ಆಘಾತ ತಪ್ಪಿಸಿಕೊಳ್ಳಲು ತಡೆಗೋಡೆ ಹಾರುವುದನ್ನು ಕಲಿತ ನಾಯಿಗಳು, ಆಘಾತವನ್ನೇ ತೆಗೆದುಹಾಕಿದ ಮೇಲೂ ನೂರಾರು ಸಲ ಹಾರುತ್ತಲೇ ಇದ್ದವು. ಹಾರಿದ್ದರಿಂದ ಅಪಾಯ ಇಲ್ಲವೆಂದು ತಿಳಿಯುವ ಅವಕಾಶವೇ ಅವಕ್ಕೆ ಸಿಗಲಿಲ್ಲ. ಶಾಲೆ ತಪ್ಪಿಸುವ ಹುಡುಗ, ಗಣಿತವಿಲ್ಲದ ಕೋರ್ಸೇ ಬೇಕೆನ್ನುವ ಹುಡುಗಿ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಕಂಡದ್ದು ಇನ್ನೂ ಕರಾಳ: ಏನು ಮಾಡಿದರೂ ಆಘಾತ ತಪ್ಪದ ಸ್ಥಿತಿಯಲ್ಲಿದ್ದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ದಾರಿ ತೆರೆದಿಟ್ಟರೂ ಅಲ್ಲಿಯೇ ಮುದುಡಿ ಕೂತವು. ಹೊರನೋಟಕ್ಕೆ ಅದು ವಿಧೇಯತೆಯಂತೆಯೇ ಕಾಣುತ್ತದೆ.

ಇಲ್ಲಿಗೆ ಸಂದೇಹವಾದಿ ಬೇರೊಂದು ದಿಕ್ಕಿನಿಂದ ಬರಬಹುದು. ವರ್ತನಾವಾದವೇ ಹಳತಾಯಿತಲ್ಲ, ಮನಸ್ಸನ್ನೇ ಒಪ್ಪದ ಪಂಥದ ಮಾತಿಗೆ ಏನು ಬೆಲೆ? ಆಕ್ಷೇಪ ಗಂಭೀರವಾದದ್ದೇ. ಎಡ್ವರ್ಡ್ ಟೋಲ್ಮನ್ 1930ರಲ್ಲಿ, ಹತ್ತು ದಿನ ಯಾವ ಆಹಾರವೂ ಸಿಗದೆ ಚಕ್ರವ್ಯೂಹದಲ್ಲಿ ಸುಮ್ಮನೆ ಅಲೆದ ಇಲಿಗಳು, ಹನ್ನೊಂದನೆಯ ದಿನ ಆಹಾರ ಇಟ್ಟೊಡನೆ ದಿಢೀರನೆ ದಾರಿ ಬಲ್ಲವರಂತೆ ಓಡುವುದನ್ನು ತೋರಿಸಿದರು; ಬಹುಮಾನವಿಲ್ಲದೆಯೂ ಅವು ಕಲಿತಿದ್ದವು. ನೋಮ್ ಚೋಮ್‌ಸ್ಕಿ 1959ರಲ್ಲಿ ಸ್ಕಿನ್ನರ್‌ರ ಭಾಷಾಸಿದ್ಧಾಂತವನ್ನು ವಿಮರ್ಶಿಸುತ್ತ, ಎಂದೂ ಕೇಳದ ವಾಕ್ಯವನ್ನು ಕಟ್ಟುವ ಮಗುವನ್ನು ಪ್ರಚೋದನೆ–ಪ್ರತಿಕ್ರಿಯೆಯ ಲೆಕ್ಕದಲ್ಲಿ ಹಿಡಿಯಲಾಗದು ಎಂದರು. ಸ್ಕಿನ್ನರ್‌ರ ಶಿಷ್ಯರೇ ಆದ ಕೆಲರ್ ಮತ್ತು ಮೇರಿಯನ್ ಬ್ರೆಲೆಂಡ್ 1961ರಲ್ಲಿ, ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿತ ರಕೂನ್‌ಗಳು ಕ್ರಮೇಣ ಅದನ್ನು ಹಾಕದೆ ಉಜ್ಜುತ್ತ ಕೂರುತ್ತವೆ ಎಂದು ಬರೆದರು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ನಮ್ಮ ಗಾದೆಗೆ ಪ್ರಯೋಗಾಲಯದ ಮುದ್ರೆ ಬಿದ್ದಂತಾಯಿತು. ಹನ್ನೆರಡು ಕೂಸುಗಳನ್ನು ಕೊಟ್ಟರೆ ಯಾರನ್ನು ಬೇಕಾದರೂ ಏನು ಬೇಕಾದರೂ ಮಾಡಬಲ್ಲೆ ಎಂಬರ್ಥದ ವಾಟ್ಸನ್‌ರ ಸವಾಲು ಇಂದು ಯಾರಿಗೂ ಒಪ್ಪಿಗೆಯಲ್ಲ. ಇಷ್ಟೆಲ್ಲ ಒಪ್ಪಿದರೂ ಇವು ಯಾವುವೂ ಬೆತ್ತವನ್ನು ಉಳಿಸುವುದಿಲ್ಲ. ಮಗುವಿಗೆ ಮನಸ್ಸಿದೆ, ಅದು ನೋಡಿ ಕಲಿಯುತ್ತದೆ ಎಂದರೆ ಬೆತ್ತದ ಸ್ಥಿತಿ ಇನ್ನೂ ಕೆಡುತ್ತದೆ: ಆಲ್ಬರ್ಟ್ ಬಂಡೂರಾ 1961ರಲ್ಲಿ ತೋರಿಸಿದಂತೆ, ದೊಡ್ಡವರು ಗೊಂಬೆಯೊಂದನ್ನು ಗುದ್ದಿ ಒದೆಯುವುದನ್ನು ನೋಡಿದ ಮಕ್ಕಳು ಯಾವ ಬಹುಮಾನವಿಲ್ಲದೆಯೂ ಅದನ್ನು ಅನುಕರಿಸಿದರು. ಹಳತಾಯಿತು ಎಂಬ ಮಾತೂ ಅರ್ಧ ಸತ್ಯ. ಫಲದಿಂದ ಕಲಿಯುವ ಯಂತ್ರಗಳ ಗಣಿತಕ್ಕಾಗಿ ಆಂಡ್ರ್ಯೂ ಬಾರ್ಟೊ ಮತ್ತು ರಿಚರ್ಡ್ ಸಟನ್ ಅವರಿಗೆ 2024ರ ಟ್ಯೂರಿಂಗ್ ಪ್ರಶಸ್ತಿ ಸಂದಿದೆ. ಅದರ ಬೇರು ಥಾರ್ನ್‌ಡೈಕ್‌ನ ಬೆಕ್ಕಿನಲ್ಲಿದೆ.

ಹಾಗಾದರೆ ಶಿಕ್ಷೆಯ ಜಾಗಕ್ಕೆ ಬಹುಮಾನ ತಂದರಾಯಿತೇ? ಅದೂ ಅಷ್ಟು ಸಲೀಸಲ್ಲ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು, ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳಿಗೆ ಪ್ರಶಸ್ತಿಪತ್ರದ ಆಸೆ ತೋರಿಸಿ ಬರೆಸಿದರು. ಕೆಲವು ದಿನಗಳ ನಂತರ ಆ ಮಕ್ಕಳು ತಾವಾಗಿ ಚಿತ್ರ ಬರೆಯುವ ಸಮಯ ಉಳಿದವರದರ ಅರ್ಧದಷ್ಟಕ್ಕೆ ಇಳಿದಿತ್ತು. ಆದರೆ ಹೇಳದೆ ಕೇಳದೆ ಪ್ರಶಸ್ತಿ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಕುಗ್ಗಲಿಲ್ಲ ಎಂಬುದನ್ನೂ ಮರೆಯಬಾರದು. ಪುನರ್ಬಲನ ಎಂದರೆ ಚಾಕೊಲೇಟು, ಸ್ಟಾರು, ಪದಕ ಎಂದುಕೊಳ್ಳುವುದರಿಂದ ಈ ತೊಡಕು. ಲೆಕ್ಕ ಬಿಡಿಸಿದಾಗ ಉತ್ತರ ತಾಳೆಯಾಗುವುದು, ತಾನು ಓದಿದ್ದು ತನಗೇ ಅರ್ಥವಾಗುವುದು ಕೂಡ ಫಲಗಳೇ, ಮತ್ತು ಅವು ಬಾಳಿಕೆ ಬರುವಂಥವು. ನಿಯಂತ್ರಣದ ಭೀತಿಯೂ ಸುಳ್ಳಲ್ಲ. 1971ರ ಪುಸ್ತಕದಲ್ಲಿ ಸ್ವಾತಂತ್ರ್ಯವೆಂಬುದೇ ಭ್ರಮೆ ಎಂಬಂತೆ ವಾದಿಸಿದ ಸ್ಕಿನ್ನರ್, ನಿಯಂತ್ರಿಸುವವರನ್ನು ನಿಯಂತ್ರಿಸುವವರು ಯಾರು ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಕೊಡಲಿಲ್ಲ. ವರ್ತನಾ ಚಿಕಿತ್ಸೆಯ ಹೆಸರಿನಲ್ಲಿಯೇ ಸಲಿಂಗಕಾಮಿಗಳಿಗೆ ವಿದ್ಯುತ್ ಆಘಾತ ಕೊಟ್ಟು ‘ಸರಿಪಡಿಸಲು’ ಹೋದ 1960–70ರ ದಶಕಗಳ ಇತಿಹಾಸ ಈ ಪಂಥದ ಮೇಲಿನ ಕಳಂಕ. ಅಲ್ಲಿ ಯಾರ ಒಲವೂ ಬದಲಾಗಲಿಲ್ಲ; ಉಳಿದದ್ದು ಭಯ, ನಾಚಿಕೆ. ತನ್ನದೇ ಸಾಕ್ಷ್ಯವನ್ನು ಮರೆತಾಗ ವಿಜ್ಞಾನ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಮೀರಿದ ಶಿಕ್ಷಕರ ಮೇಲೆ ಸೇವಾನಿಯಮಗಳ ಪ್ರಕಾರ ಶಿಸ್ತುಕ್ರಮ ಎನ್ನುತ್ತದೆ. ಅಂದರೆ ಶಿಕ್ಷೆಯನ್ನು ಬಿಡಿಸಲು ಕಾನೂನು ನೆಚ್ಚಿಕೊಂಡದ್ದೂ ಶಿಕ್ಷೆಯನ್ನೇ, ಅದೂ ದೂರು ಬಂದು, ವಿಚಾರಣೆ ನಡೆದು, ತಿಂಗಳುಗಳ ಮೇಲೆ ಬೀಳಬಹುದಾದ ಶಿಕ್ಷೆಯನ್ನು. ನಿಷೇಧ ಸರಿಯಾದದ್ದೇ, ಇರಲೇಬೇಕು. ಆದರೆ ಅರವತ್ತು ಮಕ್ಕಳ ಕೋಣೆಯಲ್ಲಿ ಒಬ್ಬರೇ ನಿಂತ ಶಿಕ್ಷಕಿಗೆ ಬೆತ್ತದ ಬದಲು ಏನು ಮಾಡಬೇಕೆಂದು ಯಾರೂ ಕೈಹಿಡಿದು ತೋರಿಸಿಲ್ಲದಿದ್ದರೆ ಅಜ್ರಿನ್ ಮತ್ತು ಹೋಲ್ಜ್ ಹೇಳಿದ ಕೊನೆಯ ಷರತ್ತು ಖಾಲಿ ಉಳಿಯುತ್ತದೆ. ಬಿ.ಇಡ್. ಮತ್ತು ಡಿ.ಎಲ್.ಇಡ್. ಪಠ್ಯಗಳನ್ನು ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಸ್ಕಿನ್ನರ್‌ನ ಇಲಿಯ ಬಗ್ಗೆ ಹತ್ತು ಅಂಕದ ಪ್ರಶ್ನೆ ಕೇಳುವುದನ್ನು ಬಿಡಿ. ಕೂತು ಓದುತ್ತಿರುವ ಮಗುವನ್ನು ಗುರುತಿಸಿ ಮಾತನಾಡಿಸುವುದನ್ನು, ತಪ್ಪುತ್ತರಕ್ಕೆ ಏನು ಹೇಳಬೇಕೆಂಬುದನ್ನು, ಗಲಾಟೆಗೆ ಮುಂಚೆಯೇ ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದನ್ನು ನಿಜವಾದ ತರಗತಿಯಲ್ಲಿ ಅಭ್ಯಾಸ ಮಾಡಿಸಿ, ಅದಕ್ಕೆ ಅಂಕ ಕೊಡಿ.